ಚಿತ್ರಕಾರನ ಋಣ

ಸೌಂದರ್ಯವನ್ನು ಕಂಡು ಆನಂದಿಸಿದವನಿಗೆ ಆ ಸೌಂದರ್ಯಕ್ಕೆ ಆಶ್ರಯವಾದ ವಸ್ತುವಿನ ವಿಷಯದಲ್ಲಿ ಕರ್ತವ್ಯವೇನಾದರೂ ಉಂಟೇ? ಚಿತ್ರವು ಮುಗಿದೊಡನೆ ಚಿತ್ರಕಾರನ ಹೊಣೆಯೂ ಮುಗಿಯಿತೆಂದು ಅನೇಕರ ಭಾವನೆ.

ಫ್ರಾನ್ಸ್ ದೇಶದಲ್ಲಿ, ಪ್ಯಾರಿಸ್ ನಗರದ ಆಗ್ನೇಯಕ್ಕೆ, ಫೊಂತೇನ್‌ಬ್ಲೋ ಎಂಬ ಅರಣ್ಯವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಅಂಚಿನ ಬಾರ್ಬಿಜೋನ್ ಗ್ರಾಮದಲ್ಲಿ ನೆಲಸಿದ ತಿಯೊಡೋರ್ ರೂಸೋ ಮೊದಲಾದ ಚಿತ್ರಕಾರರು ಅಲ್ಲಿಯ ಪುರಾತನ ಓಕ್ ವೃಕ್ಷಗಳ ಮೇಲಣ ಬೆಳಕನ್ನು ವರ್ಣಗಳಲ್ಲಿ ತರಲು ಶ್ರಮಿಸಿದರು. ಅರುಣೋದಯದ ಬೆಳಕು ಅತಿ ಚಂಚಲವಾದುದು. ಮಂಜು ಕರಗುವಷ್ಟರಲ್ಲಿ ನೆರಳಿನ ನೀಲಿಯು ಮಾಯವಾಗಿ, ತೊಗಟೆಯ ಬಣ್ಣವೇ ಬೇರೆಯಾಗುವುದು. ಕುಂಚದ ವೇಗವು ಅದಕ್ಕೆ ಸಾಲದು. ಆದರೂ ಚಿತ್ರಕಾರನು ನಿರಾಶನಾಗಬೇಕಾಗಿಲ್ಲ. ಮರವು ನಿಂತಿದ್ದರೆ ನಾಳೆಯೂ ಆ ಬೆಳಕು ಅಲ್ಲಿಗೇ ಬರುವುದು.

ಹಳೆಯ ಮರಗಳನ್ನು ಕಡಿದು ಪೈನ್ ಸಸಿಗಳನ್ನು ನೆಡುತ್ತಿದ್ದುದನ್ನು ಕಂಡು ನೊಂದ ರೂಸೋ 1852ರಲ್ಲಿ ಸರಕಾರಕ್ಕೆ ಬಿನ್ನವಿಸಿಕೊಂಡನು. 1853ರಲ್ಲಿ 624 ಹೆಕ್ಟೇರು ಪ್ರದೇಶವನ್ನು ಕಡಿಯದೆ ಬಿಡಲಾಯಿತು. 1861ರ ರಾಜಾಜ್ಞೆಯಿಂದ ಅದು 1,097 ಹೆಕ್ಟೇರಿಗೆ ಏರಿತು.

ತೊಲೆಗೂ ಉರುವಲಿಗೂ ಮರ ಬೇಡವೇ, ಅದರ ಅಂದವು ಪಟದಲ್ಲಿ ಉಳಿದರೆ ಸಾಲದೇ ಎಂದು ಆಕ್ಷೇಪಿಸಬಹುದು. ಮರ ಬೇಕೆಂಬುದು ನಿಜ. ಹೀಗೆ ಬಿಟ್ಟುದಾದರೂ ಆ ಮಹಾರಣ್ಯದ ಒಂದು ಸಣ್ಣ ಭಾಗ ಮಾತ್ರ. ಆದರೆ ಪಟದಲ್ಲಿ ಉಳಿಯುವುದು ಒಬ್ಬನು ಕಂಡ ಒಂದು ಬೆಳಗು. ಮುಂದೆ ಹುಟ್ಟುವವರಿಗೆ ತಮ್ಮ ಕಣ್ಣಿನಿಂದ ಕಾಣುವ ಹಕ್ಕಿಲ್ಲವೇ? ಅರಣ್ಯದಿಂದ ಪಡೆದುದನ್ನು ಚಿತ್ರಕಾರನು ಲೋಕಕ್ಕೆ ಕೊಡುತ್ತಾನೆ. ಅರಣ್ಯಕ್ಕೆ ಕೊಡಬೇಕಾದುದು ಬಾಕಿಯೇ ಉಳಿದಿರುತ್ತದೆ. ರೂಸೋ ಅದನ್ನು ಬಿನ್ನಹದ ರೂಪದಲ್ಲಿ ಸಲ್ಲಿಸಿದನು.