ಓದಿದ ಕೈ, ದುಡಿಯುವ ಕೈ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪು ಮುರಿಯುವ ಕಾಲಕ್ಕೂ ಕೃಷ್ಣರಾಜನಗರದ ಬಯಲಿನಲ್ಲಿ ನಾಟಿಯ ಕಾಲಕ್ಕೂ ಕೇಳಿಬರುವುದು ಒಂದೇ ಮಾತು: "ಆಳು ಸಿಕ್ಕುವುದಿಲ್ಲ." ಅಂತಹ ಮನೆಯ ಜಗಲಿಯ ಮೇಲೆಯೇ ಪದವೀಧರನಾದ ಮಗನು ಉದ್ಯೋಗವಿಲ್ಲವೆಂದು ಕುಳಿತಿರುವುದೂ ಉಂಟು.

ದೋಷವನ್ನು ವಿದ್ಯೆಯ ಮೇಲೆ ಹೊರಿಸುವುದನ್ನು ನಾನೊಪ್ಪಲಾರೆ. "ಓದದಿದ್ದರೆ ದನ ಕಾಯಬೇಕಾದೀತು" ಎಂದು ಮಗುವನ್ನು ಹೆದರಿಸಿದವರು ಹೆತ್ತವರೇ ಅಲ್ಲವೆ? ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದನು, ವಚನವನ್ನೂ ರಚಿಸಿದನು. ಅಕ್ಷರವು ಆತನ ಕೈಯನ್ನು ಕಾಯಕದಿಂದ ಬಿಡಿಸಲಿಲ್ಲ. ಸೊಪ್ಪು ಹದಗೊಳಿಸುವ ಬ್ಯಾರನ್ನಿನಲ್ಲಿ ಐದಾರು ದಿನ ಹಗಲಿರುಳು ಶಾಖವನ್ನು ಹಂತಹಂತವಾಗಿ ಏರಿಸಬೇಕು. ಮೊದಲು ಎಲೆ ಹಳದಿಯಾಗಬೇಕು, ಬಳಿಕ ಒಣಗಬೇಕು, ಕಡೆಗೆ ನಡುದಂಟು ಒಣಗಬೇಕು. ಉಷ್ಣಮಾಪಕವನ್ನು ನೋಡಿ ಬೆಂಕಿಯನ್ನು ನಡೆಸುವುದು ಅಜ್ಞನ ಕೆಲಸವೆ? (ಹೊಗೆಸೊಪ್ಪು ಬೆಳೆಯತಕ್ಕ ಬೆಳೆಯೆ ಎಂಬುದು ಬೇರೆ ಪ್ರಶ್ನೆ.)

ಆದರೆ ಕೂಲಿಯ ಮಾತನ್ನೂ ಆಡಬೇಕು. ಕೆಲವೇ ತಿಂಗಳ ಕೆಲಸಕ್ಕೆ ನಿದ್ದೆಗೆಟ್ಟು, ಒಡೆಯನ ಬೈಗುಳ ಕೇಳಿ ದುಡಿಯಲು ಯಾವ ತರುಣನು ಬಂದಾನು? ಮೈಸೂರು, ಬೆಂಗಳೂರುಗಳ ಕಾರ್ಖಾನೆಯಲ್ಲಿ ತಿಂಗಳಿಗೆ ಸಂಬಳವಾದರೂ ಉಂಟು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ ಲಕ್ಕಮ್ಮ ತಾಯಿ ಅದನ್ನು ಹಿಂದಕ್ಕೆ ಕಳುಹಿಸಿದಳು. ಆಳಿನ ಕೂಲಿಯನ್ನು ಹಿಡಿದಿಟ್ಟ ಮನೆಯಲ್ಲಿ ಮಿಕ್ಕ ಅಕ್ಕಿಯನ್ನು ಕಂಡು ಆಕೆ ಏನೆನ್ನುತ್ತಿದ್ದಳು?