ಒಕ್ಕಾಲಿನ ಅಂಕ, ಮುಕ್ಕಾಲಿನ ಮಗು

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು.’ ಓದಿಯೂ ಲೋಕಜ್ಞಾನ ಸಾಲದವರನ್ನು ಹಳಿಯುವಾಗ ಈ ಗಾದೆ ನಮ್ಮ ನಾಲಿಗೆಗೆ ಬರುತ್ತದೆ. ಆದರೆ ಗಾದೆ ಓದನ್ನು ತಳ್ಳಿಹಾಕಿಲ್ಲ, ಅದಕ್ಕೂ ಒಂದು ಪಾಲು ಕೊಟ್ಟಿದೆ. ಮಗ್ಗಿ ಬಾರದ, ಒಂದು ಪುಟವನ್ನು ತಡವರಿಸದೆ ಓದಲಾಗದ ಮಗುವಿನ ಬಗ್ಗೆ ‘ಬುದ್ಧಿ ಇದೆ ಬಿಡಿ’ ಎಂದು ಸುಮ್ಮನಾಗುವುದು ಆ ಮಗುವಿಗೆ ಮಾಡುವ ಅನ್ಯಾಯ. ಗಾದೆ ಎಚ್ಚರಿಸುವುದು ಪಾಲಿನ ಲೆಕ್ಕ ತಪ್ಪುವುದರ ಬಗ್ಗೆ. ಶಾಲೆ ಕೊಡುವ ಅಂಕ ಅಳೆಯುವುದು ಒಕ್ಕಾಲನ್ನು ಮಾತ್ರ. ಮನೆಗೆ ಬಂದ ಮಾರ್ಕ್ಸ್ ಕಾರ್ಡನ್ನು ಹೆತ್ತವರಾದ ನಾವು ಇಡೀ ಮಗುವಿನ ಅಳತೆ ಎಂದು ಓದಿಕೊಳ್ಳುತ್ತೇವೆ. ಮಗುವೂ ಹಾಗೇ ಓದಿಕೊಳ್ಳಲು ಕಲಿಯುತ್ತದೆ.

ಅಂಕ ಮಗುವನ್ನು ಹುರಿದುಂಬಿಸುತ್ತದೆ ಎಂಬುದು ನಮ್ಮ ಗಟ್ಟಿ ನಂಬಿಕೆ. ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು. ಇಸ್ರೇಲಿನ 5 ಮತ್ತು 6ನೇ ತರಗತಿಯ ಮಕ್ಕಳಲ್ಲಿ ಒಂದು ಗುಂಪಿಗೆ ಅಂಕ ಮಾತ್ರ, ಇನ್ನೊಂದಕ್ಕೆ ಷರಾ ಮಾತ್ರ, ಮೂರನೆಯದಕ್ಕೆ ಎರಡೂ ಸಿಕ್ಕವು. ಷರಾ ಮಾತ್ರ ಪಡೆದವರ ಆಸಕ್ತಿಯೂ ಕೆಲಸವೂ ಚೆನ್ನಾಗಿದ್ದವು. ಎರಡನ್ನೂ ಪಡೆದ ಮಕ್ಕಳಿಗೆ ಷರಾದಿಂದ ಆ ಲಾಭ ಸಿಗಲಿಲ್ಲ. ಅಂಕ ಕಣ್ಣಿಗೆ ಬಿದ್ದ ಮೇಲೆ ಪಕ್ಕದ ಸಾಲು ಮಗುವಿಗೆ ಕಾಣುವುದಿಲ್ಲವೆಂದೇ ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಒಂದು ನೋಟ್‌ಬುಕ್ಕನ್ನೇ ಹತ್ತಿರದಿಂದ ನೋಡೋಣ. 1/2 ಮತ್ತು 1/3 ಕೂಡಿಸಿ ಎಂದರೆ ಮಗು 2/5 ಎಂದು ಬರೆದಿದೆ. ಕೆಂಪು ಶಾಯಿಯಲ್ಲಿ ‘10ಕ್ಕೆ 4’ ಎಂದು ಬರೆದರೆ ತಾನು ಹಿಂದೆ ಬಿದ್ದಿದ್ದೇನೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ‘ಅರ್ಧಕ್ಕೆ ಇನ್ನಷ್ಟು ಸೇರಿಸಿದ್ದೀಯ, ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿದೆ. ಹೇಗೆ?’ ಎಂದು ಬರೆದರೆ ಮಗು ಮತ್ತೆ ಲೆಕ್ಕದೊಳಗೆ ಇಳಿಯುತ್ತದೆ. ಒಕ್ಕಾಲು ಮುಕ್ಕಾಲನ್ನು ಮುಟ್ಟುವುದು ಅಲ್ಲಿ.

ಹಾಗಿದ್ದರೆ ಮುಕ್ಕಾಲಿಗೂ ಅಂಕ ಕೊಟ್ಟರಾಯಿತಲ್ಲ ಎಂದು ಕೇಳಬಹುದು. ಆ ಪ್ರಯತ್ನವೂ ನಡೆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಬಯಸಿತು. ಸಿಬಿಎಸ್‌ಇ ಅದನ್ನು ಗ್ರೇಡುಗಳ ರೂಪದಲ್ಲಿ ತಂದು, ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯನ್ನು ಐಚ್ಛಿಕವಾಗಿಸಿತು. 2018ರಲ್ಲಿ ಪರೀಕ್ಷೆ ಮತ್ತೆ ಕಡ್ಡಾಯವಾಯಿತು. ಗ್ರೇಡು ತಂದ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಜೀವನ ಕೌಶಲ, ಮನೋಭಾವ, ಮೌಲ್ಯಗಳಿಗೂ ಗ್ರೇಡ್ ಹಾಕತೊಡಗಿದಾಗ ದಾರಿ ತಪ್ಪಿತು. ಸಹಪಾಠಿಗೆ ನೆರವಾಗುವುದಕ್ಕೆ ಗ್ರೇಡ್ ಇದೆಯೆಂದರೆ ಟೀಚರ್ ನೋಡುತ್ತಿರುವಾಗ ನೆರವಾಗುವುದನ್ನು ಮಗು ಕಲಿಯುತ್ತದೆ. ಪ್ರಾಜೆಕ್ಟ್‌ಗೆ ಅಂಕ ಇದೆಯೆಂದರೆ ಸ್ಟೇಷನರಿ ಅಂಗಡಿಯ ಸಿದ್ಧ ಚಾರ್ಟು ಮನೆಗೆ ಬರುತ್ತದೆ, ಅಪ್ಪ ಅಮ್ಮ ಕೂತು ಅಂಟಿಸುತ್ತಾರೆ. ನಮ್ಮ ಕರ್ನಾಟಕದ ನಾಲ್ಕು ರೂಪಣಾತ್ಮಕ (ಎಫ್‌ಎ), ಎರಡು ಸಂಕಲನಾತ್ಮಕ (ಎಸ್‌ಎ) ಮೌಲ್ಯಮಾಪನಗಳ ಕ್ರಮದಲ್ಲೂ ಈ ಅಪಾಯ ತಪ್ಪಿಲ್ಲ. ಬುದ್ಧಿಗೆ ಗ್ರೇಡ್ ಹಾಕಿದೊಡನೆ ಅದೂ ಉರು ಹೊಡೆಯುವ ಇನ್ನೊಂದು ವಿಷಯವಾಗಿಬಿಡುತ್ತದೆ. ಅದರ ಬಗ್ಗೆ ಶಿಕ್ಷಕರು ನಮ್ಮೊಡನೆ ಮಾತಾಡಬಹುದು, ಮಗುವಿನೊಡನೆ ಮಾತಾಡಬಹುದು, ಅಳೆಯಲು ಹೋಗಬಾರದು.

ಅಂಕದ ಬದಲು ಷರಾ ಎಂಬ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ತೂಕದ್ದು ಬಡ ಮನೆಗಳಿಂದ ಬರುವಂಥದ್ದು. ಶಾಲೆಯ ಮೆಟ್ಟಿಲು ಹತ್ತದ ತಾಯಿಗೆ ಷರಾ ಓದಲು ಬಾರದಿರಬಹುದು, ಅಂಕ ತಿಳಿಯುತ್ತದೆ. ಹೆಸರು, ಜಾತಿ, ಶಿಫಾರಸು ಕೆಲಸ ಮಾಡುವ ಲೋಕದಲ್ಲಿ ಅವಳ ಮಗಳ ಕೈಯಲ್ಲಿರುವ ಸಾಕ್ಷಿ ಎಸ್‌ಎಸ್‌ಎಲ್‌ಸಿಯಲ್ಲಿ ಬಂದ ಅಂಕವೊಂದೇ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದ್ದರಿಂದಲೇ ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ಇರಲಿ, ಕಟ್ಟುನಿಟ್ಟಾಗಿಯೇ ಇರಲಿ. ಆದರೆ ಆ ಅಂಕವೂ ನಾವು ತಿಳಿದಷ್ಟು ಗಟ್ಟಿಯಲ್ಲ. ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ಪರೀಕ್ಷೆ ನಡೆದ 2024ರಲ್ಲಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ವರ್ಷಗಟ್ಟಲೆ ಪಾಸಾಗುತ್ತಲೇ ಬಂದ ಎಷ್ಟೋ ಮಕ್ಕಳಿಗೆ ತಾವು ಏನನ್ನು ಕಲಿತಿಲ್ಲ ಎಂಬುದನ್ನು ಯಾರೂ ಹೇಳಿರಲಿಲ್ಲ. ಕೆಳಗಿನ ತರಗತಿಗಳಲ್ಲಿ ಷರಾ ಬೇಕಾಗಿರುವುದು ಎಲ್ಲರಿಗಿಂತ ಹೆಚ್ಚಾಗಿ ಆ ತಾಯಿಯ ಮಗಳಿಗೆ. ಮನೆಯಲ್ಲಿ ತಪ್ಪು ತೋರಿಸಿಕೊಡುವವರು ಅವಳಿಗಿಲ್ಲ.

ಅಂಕದ ಭಯವಿಲ್ಲದಿದ್ದರೆ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಎನ್ನುವವರಿದ್ದಾರೆ. ಭಯ ಪರೀಕ್ಷೆಯ ಹಿಂದಿನ ರಾತ್ರಿ ಓದಿಸುತ್ತದೆ, ನಿಜ, ರಜೆಯಲ್ಲಿ ಓದಿಸುವುದಿಲ್ಲ. ಶಿಕ್ಷಕರ ತಕರಾರು ಬೇರೆ: ನಲವತ್ತು ಮಕ್ಕಳ ತರಗತಿಯಲ್ಲಿ ಷರಾ ಬರೆಯಲು ಪುರಸೊತ್ತೆಲ್ಲಿ? ಅದು ನ್ಯಾಯವಾದ ಪ್ರಶ್ನೆ. ಆದ್ದರಿಂದ ನಾನು ಕೇಳುವುದು ಇಷ್ಟೇ: ಏಳನೆಯ ತರಗತಿಯವರೆಗೆ ಪ್ರತಿ ವಿಷಯದಲ್ಲಿ ತಿಂಗಳಿಗೆ ಒಂದು ಕೆಲಸಕ್ಕಾದರೂ ಅಂಕವಿಲ್ಲದೆ ಎರಡು ಸಾಲು ಬರೆದು ಪುಸ್ತಕ ಹಿಂದಿರುಗಿಸಲಿ. ಮಗು ತಿದ್ದಿ ತಂದ ಮೇಲೆ ಬೇಕಿದ್ದರೆ ಅಂಕ ಹಾಕಲಿ. ಅದಕ್ಕೆ ಬೇಕಾದ ಸಮಯವನ್ನು ನಮೂನೆ ತುಂಬುವ, ಅಂಕ ಅಪ್‌ಲೋಡ್ ಮಾಡುವ ಕೆಲಸದಿಂದ ಕಡಿತ ಮಾಡಿ ಶಿಕ್ಷಕರಿಗೆ ಕೊಡಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ಪೋಷಕರ ಸಭೆಯಲ್ಲಿ ಇದನ್ನು ಕೇಳಬೇಕಾದವರು ನಾವೇ.