ಇಳಿಸುವುದು, ಬೀಳಿಸುವುದು

ಎಳನೀರಿನ ಗೊನೆಗೆ ಹಗ್ಗ ಕಟ್ಟಿ ಇಳಿಸುತ್ತಾರೆ. ಬಲಿತ ಕಾಯಿಯನ್ನು ಕೊಯ್ದು ಬೀಳಿಸುತ್ತಾರೆ. ಎರಡರಲ್ಲೂ ಮೇಲಿದ್ದದ್ದು ಕೆಳಗೆ ಬರುತ್ತದೆ, ಆದರೂ ಕನ್ನಡ ಎರಡು ಕ್ರಿಯಾಪದಗಳನ್ನು ಇಟ್ಟುಕೊಂಡಿದೆ. ಯಾವುದಾದರೊಂದು ಎತ್ತರ ಇನ್ನು ಸಾಧ್ಯವಿಲ್ಲ ಎಂದಾದಾಗ, ಅದನ್ನು ಕೆಳಗೆ ತರುವವರ ಹೊಣೆ ಏನು? ಈ ಪ್ರಶ್ನೆಯನ್ನು ಸ್ಪಷ್ಟ ಮಾಡಿಕೊಳ್ಳಲು ನನಗೆ ನೆರವಾದದ್ದು ಹಾಯಿದೋಣಿಯ ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ.

ಇಂಗ್ಲೆಂಡಿನ ನಾರ್ಫಕ್ ಬ್ರಾಡ್ಸ್ ನದಿ, ಕೆರೆಗಳ ಬಯಲು. ಅಲ್ಲಿ ಥರ್ನ್ ನದಿಯ ಮೇಲೆ ಪಾಟರ್ ಹೈಯಮ್ ಎಂಬ ಊರಿನ ಮಧ್ಯಯುಗದ ಸೇತುವೆಯಿದೆ. ನೀರು ಏರಿದಾಗ ಅದರ ಕಮಾನಿನಡಿ ಉಳಿಯುವುದು ಸುಮಾರು 2 ಮೀಟರ್ ಮಾತ್ರ. ಕೂವೆಮರ ಮಲಗದೆ ಹಾಯಿದೋಣಿ ಆಚೆ ಹೋಗಲಾರದು. ಆ ನದಿಗಳಲ್ಲಿ ಸರಕು ಸಾಗಿಸುತ್ತಿದ್ದ ಕಪ್ಪು ಹಾಯಿಯ ವೆರಿಗಳು ಇದನ್ನು ಬಲ್ಲವು. 1898ರಲ್ಲಿ ಕಟ್ಟಿದ ‘ಆಲ್ಬಿಯನ್’ ಎಂಬ ವೆರಿ ಇಂದಿಗೂ ಉಳಿದಿದೆ. ಅವುಗಳ ಕಂಬದ ಬುಡದಲ್ಲಿ ಭಾರಿ ಸೀಸವನ್ನು ಕೂರಿಸಿರುತ್ತಿದ್ದರು. ತುದಿ ಇಳಿದಂತೆ ಬುಡದ ಸೀಸ ಏರುತ್ತಿತ್ತು. ಹಾಗಾಗಿ ಇಬ್ಬರೇ ಆಳುಗಳು ಅಷ್ಟು ದೊಡ್ಡ ಕಂಬವನ್ನು ಮಲಗಿಸಿ, ಸೇತುವೆ ದಾಟಿ, ಮತ್ತೆ ನಿಲ್ಲಿಸುತ್ತಿದ್ದರು.

ಅನೇಕ ಚಿಕ್ಕ ದೋಣಿಗಳಲ್ಲಿ ಆ ಸೀಸ ಇರುವುದಿಲ್ಲ. ದಕ್ಕೆಗೆ ಕಟ್ಟಿದ ದೋಣಿಯ ಕಂಬ ಬುಡದ ಕೀಲಿನ ಮೇಲೆ ಹಿಂದಕ್ಕೆ ವಾಲಬೇಕು. ಮುಂದಿನಿಂದ ಒಂದು ಹಗ್ಗ ಅದನ್ನು ತಡೆದು ಹಿಡಿಯಬೇಕು. ನೆಟ್ಟಗಿರುವಾಗ ಕಂಬ ಹಗ್ಗದ ಮೇಲೆ ಭಾರ ಹಾಕುವುದೇ ಇಲ್ಲ. 30 ಡಿಗ್ರಿ ವಾಲುವಷ್ಟರಲ್ಲಿ ಅದರ ಬೀಳುವ ಬಲ ಗರಿಷ್ಠದ ಅರ್ಧಕ್ಕೆ ಮುಟ್ಟಿರುತ್ತದೆ, ಅಡ್ಡವಾಗುವ ಹೊತ್ತಿಗೆ ಪೂರ್ತಿ. ಅದೇ ವೇಳೆಗೆ ಹಗ್ಗ ಕಂಬಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಎತ್ತಿ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನೋಡುವವರಿಗೆ ಕೆಲಸ ಮುಗಿಯುತ್ತ ಬಂತು ಅನ್ನಿಸುವ ಗಳಿಗೆಯೇ ಹಿಡಿದವರಿಗೆ ಅತಿ ಕಷ್ಟದ ಗಳಿಗೆ.

ಇದಕ್ಕೆ ಕಂಡುಕೊಂಡ ಉಪಾಯ ಜಿನ್ ಪೋಲ್: ಕಂಬದ ಬುಡದಿಂದ ಮುಂದಕ್ಕೆ ಚಾಚಿದ ಒಂದು ಕೋಲು. ಹಗ್ಗ ಅದರ ತುದಿಯ ಮೂಲಕ ಹೋಗುತ್ತದೆ. ಕಂಬ ಮಲಗಿದಂತೆ ಕೋಲು ಎದ್ದು ನಿಲ್ಲುತ್ತದೆ, ಹಗ್ಗಕ್ಕೆ ಹಿಡಿತ ಕೊಡುತ್ತದೆ. ಒಂದು ಎತ್ತರ ಇಳಿಯಬೇಕಾದರೆ ಇನ್ನೊಂದು ಏಳಬೇಕು.

ಇಷ್ಟೂ ನಡೆಯುವುದು ನೀರಿನ ಮೇಲೆ. ಪಕ್ಕದಲ್ಲಿ ಮೋಟಾರು ದೋಣಿಯೊಂದು ಹಾದುಹೋದರೆ ಸಾಕು, ಅಲೆಗೆ ದೋಣಿ ಹೊರಳುತ್ತದೆ. ಅರ್ಧ ಇಳಿದ ಕಂಬ ಪಕ್ಕಕ್ಕೆ ತೂಗಿ ಕೀಲನ್ನೇ ಮುರಿಯಬಹುದು. ಕಂಬವನ್ನು ಎರಡೂ ಬದಿ ಬಿಗಿದಿದ್ದ ತಂತಿಗಳು ಇಳಿಯುವಾಗ ಸಡಿಲಾಗುವುದೂ ಉಂಟು. ಅದಕ್ಕೇ ಬಲ್ಲವರು ಅಕ್ಕಪಕ್ಕಕ್ಕೂ ಹಗ್ಗ ಬಿಗಿಯುತ್ತಾರೆ, ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ ನೋಡುತ್ತಾರೆ, ಕಂಬದ ಕೆಳಗೆ ಯಾರನ್ನೂ ನಿಲ್ಲಗೊಡುವುದಿಲ್ಲ.

ನಮ್ಮ ಮನೆಯಲ್ಲಿ ಅಜ್ಜ ಸ್ಕೂಟರ್ ಓಡಿಸುವುದನ್ನು ನಿಲ್ಲಿಸಬೇಕಾಗಿ ಬಂತು. ಕಣ್ಣು ಮಂಜಾಗಿತ್ತು, ನಿರ್ಧಾರ ಸರಿಯೇ. ಚಿಕ್ಕಪ್ಪ “ಇನ್ನು ಸಾಕು ಬಿಡಿ ಅಪ್ಪಾ” ಎಂದು ಕೀಲಿ ತೆಗೆದಿಟ್ಟ ದಿನವೇ ವಿಷಯ ಮುಗಿಯಿತೆಂದು ಎಲ್ಲರೂ ತಿಳಿದರು. ಭಾರ ಶುರುವಾದದ್ದು ಅಲ್ಲಿಂದ. ಸ್ಕೂಟರಿನ ಜೊತೆಗೇ ಹಾಲಿನ ಡೇರಿಯ ಬೆಳಗು ಹೋಗಿತ್ತು, ದಾರಿಯಲ್ಲಿ ಸಿಗುತ್ತಿದ್ದ ಗೆಳೆಯರು ಹೋಗಿದ್ದರು. ಚಿಕ್ಕಮ್ಮ ಮಾತ್ರ ತಿಂಗಳುಗಟ್ಟಲೆ ಅದೇ ಹೊತ್ತಿಗೆ “ಬನ್ನಿ ಮಾವ” ಎಂದು ಅವರನ್ನು ಡೇರಿಗೆ ನಡೆಸಿಕೊಂಡು ಹೋದರು. ಅಜ್ಜ ಮಾತಾಡುವಾಗ ಸ್ವಲ್ಪ ದೂರ ನಿಂತರು. ಕೀಲಿ ತೆಗೆದಿಡುವುದು ಒಂದು ಗಳಿಗೆಯ ಕೆಲಸ. ಹಗ್ಗ ಹಿಡಿದವರು ಚಿಕ್ಕಮ್ಮ.

ಇಳಿಯುವವರಿಗೆ ನಾವು ಸಾಮಾನ್ಯವಾಗಿ ವಿನಯವನ್ನು ಬೋಧಿಸುತ್ತೇವೆ: ಕಾಲ ಬಂದಾಗ ಬಾಗಬೇಕು. ಆದರೆ ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುವ ಗಾದೆಯೂ ನಮ್ಮದೇ. ಬಾಗುವುದನ್ನೇ ಗುಣವೆಂದು ಹೊಗಳುವಾಗ ಗುದ್ದುವವರ ಲೆಕ್ಕ ತಪ್ಪಿಹೋಗುತ್ತದೆ. ಅರ್ಧ ವಾಲಿದ ಕಂಬ ತನ್ನನ್ನು ತಾನೇ ಹಿಡಿದುಕೊಳ್ಳಲಾರದು. ಆ ಸ್ಥಿತಿಯಲ್ಲಿ ನೀತಿಯ ಭಾರವೆಲ್ಲ ಹಗ್ಗ ಹಿಡಿದ ಕೈಯ ಮೇಲಿರುತ್ತದೆ.

ಹಾಗಾದರೆ ಅನ್ಯಾಯದಿಂದ ನಿಂತ ಅಧಿಕಾರವನ್ನೂ ಹೀಗೆ ಮೆಲ್ಲಗೆ ಇಳಿಸಬೇಕೇ? ಕೆಲವನ್ನು ಬೀಳಿಸಲೇಬೇಕಾಗಬಹುದು, ಹಗ್ಗ ಕಟ್ಟಲೂ ಬಿಡದ ಕಂಬಗಳಿರುತ್ತವೆ. ಆದರೆ ಬೀಳುವ ಕಂಬ ಮೊದಲು ಹೊಡೆಯುವುದು ಕೆಳಗೆ ನಿಂತವರನ್ನು. ಎಚ್ಚರ ಬೇಕಿರುವುದು ಕಂಬದ ಮಾನಕ್ಕಾಗಿ ಮಾತ್ರವಲ್ಲ, ಅವರ ತಲೆಗಾಗಿಯೂ.

ಹೋಲಿಕೆಗೂ ಒಂದು ಮಿತಿಯಿದೆ. ಕೂವೆಮರ ಸೇತುವೆ ದಾಟಿ ಮತ್ತೆ ಏಳುತ್ತದೆ. ಅಜ್ಜನ ಸ್ಕೂಟರ್ ಮತ್ತೆ ಹೊರಡುವುದಿಲ್ಲ. ಮತ್ತೆ ಏಳಲಿರುವುದನ್ನೇ ಅಷ್ಟು ಜೋಪಾನವಾಗಿ ಮಲಗಿಸುವವರಿದ್ದಾರೆ. ಮತ್ತೆ ಏಳದವರ ವಿಷಯದಲ್ಲಿ ನಮ್ಮ ಕೈ ಇನ್ನೂ ನಿಧಾನವಾಗಿರಬೇಕು.